ಸ್ಕೇಲು ಹಿಡಿದು ಅಳೆದ ಸಂಗೀತ

ಒಂಬತ್ತೂವರೆ ಸೆಂಟಿಮೀಟರ್ ಟೇಪು ಅಂದರೆ ಕಾಲು ಸೆಕೆಂಡಿನ ಸದ್ದು. ಟೇಪು ಸೆಕೆಂಡಿಗೆ 15 ಇಂಚು, ಅಂದರೆ 38.1 ಸೆಂ.ಮೀ. ಓಡಿದರೆ ಲೆಕ್ಕ ಹಾಗೆ ಬರುತ್ತದೆ. ಲಂಡನ್ನಿನ ಮೇಡಾ ವೇಲ್‌ನಲ್ಲಿ 1958ರಲ್ಲಿ ಶುರುವಾದ, ಕಾರ್ಯಕ್ರಮಗಳಿಗೆ ಹೊಸ ಬಗೆಯ ಸದ್ದು, ಸಂಗೀತ ತಯಾರಿಸುತ್ತಿದ್ದ ಬಿಬಿಸಿ ರೇಡಿಯೊಫೋನಿಕ್ ವರ್ಕ್‌ಶಾಪಿನಲ್ಲಿ ತಾಳ ಹಾಕುತ್ತಿದ್ದುದು ಸ್ಕೇಲು ಮತ್ತು ಬ್ಲೇಡಿನಿಂದ, ಟೇಪನ್ನು ಅಳೆದು ಕತ್ತರಿಸಿ ಜೋಡಿಸಿ. 1963ರಲ್ಲಿ ಅಲ್ಲಿ ಕೆಲಸಕ್ಕಿದ್ದ ಡೆಲಿಯಾ ಡರ್ಬಿಶೈರ್ ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತಕ್ಕೆ ಕೈಹಾಕಿದಾಗ ಅಲ್ಲಿ ಸಿಂಥಸೈಜರೂ ಇರಲಿಲ್ಲ, ಹಲವು ಸದ್ದುಗಳನ್ನು ಒಂದೇ ಟೇಪಿನಲ್ಲಿ ಬೇರೆ ಬೇರೆಯಾಗಿ ಹಿಡಿದಿಡುವ ಮಲ್ಟಿಟ್ರ್ಯಾಕ್ ರೆಕಾರ್ಡರೂ ಇರಲಿಲ್ಲ.

ಆ ಸಂಗೀತದ ಕುಣಿಯುವ ಬೇಸ್, ಅಂದರೆ ತಗ್ಗಿನ ಸ್ವರಗಳ ಸಾಲು, ಹುಟ್ಟಿದ್ದು ಒಂದೇ ತಂತಿಯನ್ನು ಮೀಟಿದ ಸದ್ದಿನಿಂದ. ಟೇಪ್ ರೆಕಾರ್ಡರಿನ ಬ್ಯಾಟರಿ ಇಳಿದಾಗ ಹಾಡು ಗೊಗ್ಗರಾಗಿ ಎಳೆದಾಡುತ್ತಿದ್ದುದು ನೆನಪಿದೆಯಲ್ಲ, ಉಪಾಯ ಅದೇ. ವೇಗ ಅರ್ಧಕ್ಕಿಳಿಸಿದರೆ ಸದ್ದು ಒಂದು ಸ್ಥಾಯಿ ಕೆಳಗೆ. ಅರ್ಧ ಸ್ವರ ಮೇಲೇರಿಸಲು ವೇಗ ಸುಮಾರು ಶೇ. 6 ಹೆಚ್ಚಬೇಕು. ಆದರೆ ವೇಗ ಹೆಚ್ಚಿದಂತೆ ಸದ್ದಿನ ಅವಧಿಯೂ ಕುಗ್ಗುತ್ತದೆ. ಹಾಗಾಗಿ ಮೊದಲು ಬೇರೆ ಬೇರೆ ವೇಗದಲ್ಲಿ ಪ್ರತಿ ಮಾಡಿಕೊಂಡು ಒಂದೊಂದು ಸ್ವರವನ್ನೂ ಸಿದ್ಧಮಾಡಬೇಕು, ಆಮೇಲಷ್ಟೇ ಅಳತೆಗೆ ಕತ್ತರಿಸಬೇಕು. ಈ ಕ್ರಮ ತಪ್ಪಿದರೆ ಇಡೀ ದಿನದ ಕೆಲಸ ಕಸದಬುಟ್ಟಿಗೆ. ಬೇಸಿನ ಮೇಲೆ ಬರುವ ರಾಗಕ್ಕೆ ಬಳಕೆಯಾದದ್ದು ಎಂಜಿನಿಯರುಗಳು ಉಪಕರಣ ಪರೀಕ್ಷಿಸಲು ಇಟ್ಟುಕೊಂಡಿದ್ದ ಆಸಿಲೇಟರುಗಳು, ವಿದ್ಯುತ್ತಿನಿಂದ ಒಂದೇ ಸಮನೆ ಸ್ವರ ಹೊರಡಿಸುವ ಪೆಟ್ಟಿಗೆಗಳು. ಅವುಗಳ ಗುಂಡಿಯನ್ನು ಕೈಯಲ್ಲೇ ತಿರುಗಿಸಿದರೆ ಸ್ವರ ಗಮಕದಂತೆ ಜಾರುತ್ತದೆ.

ಕತ್ತರಿಸುವುದರಲ್ಲೇ ಅರ್ಧ ವಿದ್ಯೆ ಇದೆ. ಟೇಪನ್ನು ನೇರವಾಗಿ ಅಡ್ಡಕ್ಕೆ ಕೊಯ್ದರೆ ಒಂದು ಸದ್ದು ತಟ್ಟನೆ ನಿಂತು ಇನ್ನೊಂದು ತಟ್ಟನೆ ಶುರುವಾಗುತ್ತದೆ. ಕಿವಿಗೆ ‘ಟಿಕ್’ ಎಂದು ಕೇಳಿಸುತ್ತದೆ. 45 ಡಿಗ್ರಿ ಓರೆಯಾಗಿ ಕೊಯ್ದರೆ, ಕಾಲಿಂಚು ಅಗಲದ ಟೇಪಿನಲ್ಲಿ ಎರಡು ತುಂಡುಗಳ ಬೆಸುಗೆಯೂ ಕಾಲಿಂಚು ಉದ್ದಕ್ಕೆ ಹರಡುತ್ತದೆ. ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟು ಹೊತ್ತು ಒಂದು ಸದ್ದು ಇನ್ನೊಂದರೊಳಗೆ ಕರಗುತ್ತದೆ, ಅಷ್ಟು ಸಾಕು. ಬ್ಲೇಡಿಗೆ ಕಾಂತತ್ವ ಹತ್ತಿದ್ದರೆ ಪ್ರತಿ ಬೆಸುಗೆಯಲ್ಲೂ ಸಣ್ಣ ಗುದ್ದು ಕೇಳುತ್ತದೆ, ಅದನ್ನು ಆಗಾಗ ಡಿಮ್ಯಾಗ್ನೆಟೈಸ್ ಮಾಡಲೇಬೇಕು. ಮಾಮೂಲಿ ಅಂಟುಪಟ್ಟಿ ಹಾಕಿದರೆ ಗೋಂದು ಅಂಚಿನಿಂದ ಹೊರಗೆ ಒಸರಿ ಸುರುಳಿಯ ಪಕ್ಕದ ಪದರಕ್ಕೂ ಟೇಪು ಓದುವ ಹೆಡ್ಡಿಗೂ ಮೆತ್ತಿಕೊಳ್ಳುತ್ತದೆ. ಅದಕ್ಕೆಂದೇ ಟೇಪಿಗಿಂತ ಕೂದಲೆಳೆ ಕಿರಿದಾದ ಪಟ್ಟಿ ಸಿಗುತ್ತಿತ್ತು. ಅದನ್ನು ಹಿಂಬದಿಗೆ ಹಚ್ಚಬೇಕು, ಸದ್ದು ದಾಖಲಾಗುವ ಆಕ್ಸೈಡ್ ಲೇಪ ಇರುವ ಮಗ್ಗುಲಿಗಲ್ಲ.

ಇದೇ ಬ್ಲೇಡಿನಿಂದ ನಾದದ ಗುಣವನ್ನೂ ಬದಲಿಸಬಹುದಿತ್ತು. ಡರ್ಬಿಶೈರ್‌ಗೆ ಅಚ್ಚುಮೆಚ್ಚಾದ ಒಂದು ಹಸಿರು ಲೋಹದ ಲ್ಯಾಂಪ್‌ಶೇಡ್ ಇತ್ತು. ಬಡಿದರೆ ಗಂಟೆಯಂತೆ ಅನುರಣಿಸುತ್ತಿತ್ತು. ಬಡಿತದ ಕ್ಷಣವನ್ನು ಕತ್ತರಿಸಿ ಎಸೆದು ಉಳಿದ ಅನುರಣನವನ್ನು ಮೆಲ್ಲಗೆ ಜೋರು ಮಾಡುತ್ತ ಹೋದರೆ, ಅದು ಗಂಟೆ ಎಂದು ಯಾರೂ ಗುರುತಿಸಲಾರರು. ವಾದ್ಯದ ಗುರುತು ನಮ್ಮ ಕಿವಿಗೆ ಸಿಗುವುದು ಬಹುಪಾಲು ಆ ಮೊದಲ ಹೊಡೆತದಲ್ಲೇ.

ಬೇಸ್, ರಾಗ, ಸೋಸಿದ ಗದ್ದಲದ ‘ಹುಶ್ಶ್’, ಇವೆಲ್ಲ ಬೇರೆ ಬೇರೆ ಟೇಪಿನಲ್ಲಿದ್ದವು. ಕೂಡಿಸಲು ಯಂತ್ರಗಳನ್ನು ಒಟ್ಟಿಗೇ ಚಾಲೂ ಮಾಡಬೇಕು. ವೇಗದಲ್ಲಿ ಸಾವಿರಕ್ಕೊಂದು ಪಾಲು ವ್ಯತ್ಯಾಸವಿದ್ದರೂ ನಿಮಿಷದ ಕೊನೆಗೆ ಸೆಕೆಂಡಿನ ನೂರರ ಆರು ಭಾಗ ಹಿಂದೆ ಬೀಳುತ್ತದೆ. ತಾಳಜ್ಞಾನ ಇದ್ದವರಿಗೆ ಚುಚ್ಚಲು ಅಷ್ಟೇ ಧಾರಾಳ. ಜೊತೆಗೆ ಪ್ರತಿಯ ಪ್ರತಿ ಮಾಡಿದಂತೆಲ್ಲ ಟೇಪಿನ ‘ಸ್‌ಸ್’ ಎನ್ನುವ ಹಿನ್ನೆಲೆ ಸದ್ದು ಏರುತ್ತದೆ.

ಮೂಲ ರಾಗ ಬರೆದ ರಾನ್ ಗ್ರೇನರ್ ಇದನ್ನು ಕೇಳಿ ಬೆರಗಾಗಿ, ಡರ್ಬಿಶೈರ್‌ಗೂ ಸಹಸಂಯೋಜಕಿಯ ಹೆಸರು ಸಿಗಲಿ ಅಂದರು. ಬಿಬಿಸಿ ಒಪ್ಪಲಿಲ್ಲ. ಆಕೆ 2001ರಲ್ಲಿ ತೀರಿಕೊಂಡರು. ತೆರೆಯ ಮೇಲೆ ಹೆಸರು ಬಂದದ್ದು 2013ರಲ್ಲಿ. ಇದಕ್ಕೆ ನಿಯಮದ ನೆಪ ಏನೇ ಹೇಳಿ, ಅನ್ಯಾಯ ಅನ್ಯಾಯವೇ.

ಕೆಲಸ ನಡೆಯುತ್ತಿದ್ದಾಗ ಒಮ್ಮೆ ಮೂರು ಟೇಪುಗಳನ್ನು ಕೂಡಿಸಿದರೆ ಎಲ್ಲೋ ಒಂದು ಸ್ವರ ಎಡವುತ್ತಿತ್ತು. ಕಿವಿಗೆ ಎಲ್ಲಿಯೆಂದು ಸಿಗಲೊಲ್ಲದು. ಡರ್ಬಿಶೈರ್ ಮತ್ತು ಸಹಾಯಕ ಡಿಕ್ ಮಿಲ್ಸ್ ಟೇಪುಗಳನ್ನು ಸ್ಟುಡಿಯೊದ ಉದ್ದನೆಯ ಕಾರಿಡಾರಿಗೆ ಒಯ್ದರು. ಒಂದು ನಿಮಿಷದ ಸಂಗೀತವೆಂದರೆ ಸುಮಾರು 23 ಮೀಟರ್ ಟೇಪು. ಮೂರನ್ನೂ ಪಕ್ಕಪಕ್ಕ ನೆಲದ ಮೇಲೆ ಹಾಸಿ, ಬೆಸುಗೆಗೆ ಬೆಸುಗೆ ಹೋಲಿಸುತ್ತ ನಡೆದರು. ಒಂದು ಕಡೆ ಎರಡು ಟೇಪಿನ ಬೆಸುಗೆಗಳು ಒಂದೇ ಗೆರೆಯಲ್ಲಿದ್ದವು, ಮೂರನೆಯದು ಮಾತ್ರ ಸರಿದಿತ್ತು.