ಸಾವಿರ ಮೆಟ್ಟಿಲಿನ ಧೈರ್ಯ ಮತ್ತು ಮರುಭೂಮಿಯ ಬಿಸಿಲು

ಏಪ್ರಿಲ್ ಬಂತೆಂದರೆ ಮೈಸೂರಿನ ನನ್ನ ಚಿಕಿತ್ಸಾಲಯಕ್ಕೆ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ತಂದೆತಾಯಂದಿರು ಬರತೊಡಗುತ್ತಾರೆ. ರಕ್ತದೊತ್ತಡ, ಸಕ್ಕರೆ ತೋರಿಸಿಕೊಂಡು ಆರು ತಿಂಗಳ ಮಾತ್ರೆ ಬರೆಸಿಕೊಳ್ಳುವುದು ಅವರ ಉದ್ದೇಶ. ಮೊಮ್ಮಕ್ಕಳ ಬೇಸಿಗೆ ರಜೆಯಲ್ಲಿ ಎಲ್ಲರೂ ಸೇರಿ ಅರಿಝೋನಾದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಆಳ ಕಣಿವೆಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಸ್ವಲ್ಪ ದೂರ ನಡೆಯುವ ಯೋಜನೆಯಿದೆ ಎಂದು ಅವರು ಹೇಳಿದಾಗ ನಾನು ಲೇಖನಿ ಕೆಳಗಿಡುತ್ತೇನೆ. "ಬಿಸಿಲು ನಮಗೆ ಹೊಸದೇ ಡಾಕ್ಟರೇ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು ನಾವು" ಎಂಬ ಉತ್ತರ ಬಹುತೇಕ ಖಚಿತ. ಆ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಅದು ನಿಂತಿರುವ ಎರಡು ಅನುಭವಗಳೂ ಅಲ್ಲಿ ತಲೆಕೆಳಗಾಗುತ್ತವೆ.

ಮೊದಲನೆಯದು ಏರಿಳಿತದ ಕ್ರಮ. ನಮ್ಮ ಬೆಟ್ಟದಲ್ಲಿ ಕಷ್ಟ ಮೊದಲು ಬರುತ್ತದೆ. ನಂದಿಯ ಹತ್ತಿರ ಬರುವಷ್ಟರಲ್ಲಿ ಮಂಡಿಯೂ ಎದೆಯೂ ತಮ್ಮ ಮಿತಿಯನ್ನು ತಿಳಿಸಿಬಿಡುತ್ತವೆ, ಸಾಕೆನಿಸಿದರೆ ತಿರುಗಿ ಇಳಿಯಬಹುದು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕಾರು ನಿಲ್ಲುವುದೇ ಮೇಲಂಚಿನಲ್ಲಿ. ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದ್ದು, ಬೆಳಗಿನ ಗಾಳಿ ಅಲ್ಲಿ ಜೂನ್‌ನಲ್ಲೂ ತಂಪಾಗಿರುತ್ತದೆ. ಕೆಳಗೆ ಕೊಲರಾಡೊ ನದಿಯ ಕಡೆಗೆ ಇಳಿದಂತೆ ಸೆಕೆ ಏರುತ್ತದೆ. ತಳದಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವುದು ಬೇಸಿಗೆಯಲ್ಲಿ ಸಾಮಾನ್ಯ. ಬ್ರೈಟ್ ಏಂಜೆಲ್ ಹಾದಿಯ ಮೊದಲ ತಂಗುಮನೆ ಬರಿಯ 2.4 ಕಿಲೋಮೀಟರ್ ದೂರದಲ್ಲಿದೆ ಎಂದು ಕೇಳಿದಾಗ ಯಾರಿಗೂ ಭಯವಾಗದು, ಆದರೆ ಅಲ್ಲಿಂದ ಮರಳಲು ಮುನ್ನೂರು ಮೀಟರಿಗೂ ಹೆಚ್ಚು ಎತ್ತರವನ್ನು, ಅಂದರೆ ಹೆಚ್ಚುಕಡಿಮೆ ಒಂದು ಚಾಮುಂಡಿ ಬೆಟ್ಟವನ್ನು, ತೆಳುವಾದ ಗಾಳಿಯಲ್ಲಿ, ಸೂರ್ಯ ನೆತ್ತಿಗೆ ಬರುತ್ತಿರುವ ಹೊತ್ತಿನಲ್ಲಿ ಹತ್ತಬೇಕು. ನನ್ನಲ್ಲಿಗೆ ಬರುವ ಒಬ್ಬ ಹಿರಿಯರು ಮೊಮ್ಮಗನ ಹಿಂದೆ ಒಂದು ಗಂಟೆ ಹಗುರವಾಗಿ ಇಳಿದು, ಮೇಲೆ ಬರಲು ಮೂರು ಗಂಟೆ ತೆಗೆದುಕೊಂಡಿದ್ದರು. ಕೊನೆಯಲ್ಲಿ ಮಗುವನ್ನು ಮಗ ಹೊತ್ತ, ಅವರನ್ನು ಸೊಸೆ ಕೈಹಿಡಿದು ನಡೆಸಿದಳು. ಆದ್ದರಿಂದ ನಾನು ಹೇಳುವ ಲೆಕ್ಕ ಹೀಗಿದೆ: ಕೈಯಲ್ಲಿ ಮೂರು ಗಂಟೆಯಿದ್ದರೆ ಒಂದು ಗಂಟೆ ಇಳಿದೊಡನೆ ತಿರುಗಬೇಕು, ತಂಗುಮನೆ ಕಣ್ಣೆದುರಿಗಿದ್ದರೂ ತಿರುಗಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಣಿವೆಯೊಳಗೆ ನಡೆಯಬೇಡಿ ಎಂದು ಉದ್ಯಾನದವರೇ ಎಚ್ಚರಿಸುತ್ತಾರೆ. ಹಿರಿಯರೂ ಮಕ್ಕಳೂ ಇರುವ ಕುಟುಂಬ ಅದಕ್ಕಿಂತ ಮೊದಲೇ ಅಂಚಿಗೆ ಮರಳಿರಬೇಕು.

ಎರಡನೆಯದು ಬೆವರು. ನಮ್ಮಲ್ಲಿ ಅಂಗಿ ಒದ್ದೆಯಾದಾಗ ನೀರಿನ ನೆನಪಾಗುತ್ತದೆ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಮೂಡಿದೊಡನೆ ಆವಿಯಾಗುವುದರಿಂದ ಮಗುವಿನ ಹಣೆ ಒಣಗಿಯೇ ಇರುತ್ತದೆ, ತಾಯಿ ನಿಶ್ಚಿಂತಳಾಗಿರುತ್ತಾಳೆ. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯನ್ನು, ಅಂದರೆ ಸುಮಾರು 35 ಡಿಗ್ರಿಯನ್ನು, ಮೀರಿದ ಮೇಲೆ ದೇಹ ಗಾಳಿಗೆ ಶಾಖ ಬಿಟ್ಟುಕೊಡಲಾರದು, ಬದಲಿಗೆ ಗಾಳಿಯಿಂದಲೇ ಶಾಖ ಪಡೆಯುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಏರು ಹತ್ತುವ ವಯಸ್ಕನ ದೇಹದಿಂದ ಗಂಟೆಗೆ ಒಂದು ಲೀಟರಿಗೂ ಮೀರಿ ನೀರು ಹೋಗಬಹುದು. ಅರವತ್ತು ದಾಟಿದವರಿಗೆ ಬಾಯಾರಿಕೆಯ ಅರಿವೇ ಮಂದ. ಮೂತ್ರ ಹೆಚ್ಚಿಸುವ ಮಾತ್ರೆ, ಹೃದಯಬಡಿತ ತಗ್ಗಿಸುವ ಬೀಟಾ ಬ್ಲಾಕರ್, ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಮಧುಮೇಹದ ಮಾತ್ರೆಗಳು ಈ ತೊಂದರೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಇವನ್ನು ನೀವಾಗಿಯೇ ನಿಲ್ಲಿಸಬಾರದು, ಹೊರಡುವ ಮೊದಲು ವೈದ್ಯರಲ್ಲಿ ಕೇಳಬೇಕು. ನಿಂತ ಕಾರಿನೊಳಗೆ ಇನ್ಸುಲಿನ್ ಬಿಡಲೇಬಾರದು.

ಹಾಗೆಂದು ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು, ಬಿಸಿಲಿನ ಬಾಧೆಯಂತೆಯೇ ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಳ್ಳುತ್ತವೆ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ದುಡಿಯುವವರು ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯುವುದರಲ್ಲಿ ಈ ತಿಳಿವಳಿಕೆಯಿದೆ. ಹಾದಿಯಲ್ಲಿ ಮಜ್ಜಿಗೆ ಕೆಡುತ್ತದೆ. ಓಆರ್‌ಎಸ್ ಪೊಟ್ಟಣ, ಚಕ್ಕುಲಿ, ಉಪ್ಪು ಹಾಕಿದ ಕಡಲೆಬೀಜ ಕೆಡುವುದಿಲ್ಲ. ಕೊಳವೆ ಆಗಾಗ ಒಡೆಯುವುದರಿಂದ ಹಾದಿಯ ನಲ್ಲಿಗಳನ್ನು ನಂಬಿ ಹೊರಡದೆ, ಆ ದಿನದ ಸ್ಥಿತಿಯನ್ನು ಉದ್ಯಾನದ ಸಿಬ್ಬಂದಿಯಾದ ರೇಂಜರ್‌ಗಳಲ್ಲಿ ಕೇಳಿಕೊಳ್ಳಬೇಕು.

ನನ್ನ ದೊಡ್ಡ ಆತಂಕ ಬಿಸಿಲಾಘಾತ. ದೇಹದೊಳಗಿನ ಉಷ್ಣತೆ 40 ಡಿಗ್ರಿ ಮೀರಿ ಮಿದುಳು ತೊಂದರೆಗೀಡಾದಾಗ ಅಜ್ಜ ಸಂಬಂಧವಿಲ್ಲದ ಮಾತಾಡಬಹುದು, ನೇರ ಹಾದಿಯಲ್ಲಿ ತಡವರಿಸಬಹುದು. ಮಗು ಕಾರಣವಿಲ್ಲದೆ ಸಿಡುಕಿ, ಬಳಿಕ ಮಂಕಾಗಬಹುದು. "ದಣಿದಿದ್ದಾರೆ, ಮೇಲೆ ಹೋದರೆ ಸರಿಹೋಗುತ್ತಾರೆ" ಎಂದು ನಡೆಸುವುದೇ ಮಾರಕ. ತಕ್ಷಣ ನೆರಳಿಗೆ ತಂದು ಮಲಗಿಸಿ, ಬಟ್ಟೆ ಸಡಿಲಿಸಿ, ತಲೆಯಿಂದ ಕಾಲಿನವರೆಗೆ ನೀರು ಸುರಿದು, ಟೋಪಿಯಿಂದಲೋ ಸೆರಗಿನಿಂದಲೋ ಬಿಡದೆ ಗಾಳಿ ಬೀಸಬೇಕು. ಒಣಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮೊಬೈಲ್ ಸಂಕೇತ ಸಿಗದಿದ್ದರೆ ಒಬ್ಬರು ಅವರೊಡನೆ ಉಳಿದು, ಇನ್ನೊಬ್ಬರು ದಾರಿಯಲ್ಲಿ ಸಿಗುವವರ ಮೂಲಕ ರೇಂಜರ್‌ಗಳಿಗೆ ಸುದ್ದಿ ಮುಟ್ಟಿಸಬೇಕು. ಇದು ಸೋಂಕಿನ ಜ್ವರವಲ್ಲವಾದ್ದರಿಂದ ಪ್ಯಾರಾಸಿಟಮಾಲ್ ಕೊಡಬಾರದು, ಎಚ್ಚರ ತಪ್ಪುತ್ತಿರುವವರ ಬಾಯಿಗೆ ನೀರನ್ನೂ ಹಾಕಬಾರದು.