ಹೊರಗೆ ಕೂತು ಬೀಟ್ ಕಟ್ಟೋಕೆ ಯಾವ ಯಂತ್ರ ತಗೊಳ್ಳಲಿ?

ಪ್ರಶ್ನೆ: ಮನೇಲಿ ಲ್ಯಾಪ್‌ಟಾಪ್ ಮುಂದೆ ಕೂತು ಸಂಗೀತ ಮಾಡಿ ಸಾಕಾಗಿದೆ. ಪಾರ್ಕಲ್ಲೋ ಕೆರೆ ದಂಡೇಲೋ ಕೂತು ಬೀಟ್ ಕಟ್ಟಬೇಕು ಅಂತ ಆಸೆ. ಡ್ರಮ್ಮು, ರಾಗ ಎಲ್ಲ ಒಂದರಲ್ಲೇ ಕಟ್ಟುವ ಗ್ರೂವ್‌ಬಾಕ್ಸ್, ಹಿಡಿದಿಟ್ಟ ಸದ್ದನ್ನು (ಸ್ಯಾಂಪಲ್) ನುಡಿಸುವ ಸ್ಯಾಂಪ್ಲರ್, ತಾನೇ ಸದ್ದು ಹುಟ್ಟಿಸುವ ಪುಟ್ಟ ಸಿಂಥ್ ಅಂತ ನೂರೆಂಟು ಇವೆ. ಒಂದೇ ಒಂದು ತಗೊಳ್ಳೋದಾದ್ರೆ ಏನು ನೋಡಿ ತಗೊಳ್ಳಲಿ?

ಎಲ್ಲರೂ ಮೊದಲು ಸದ್ದು ಕೇಳಿ ಮರುಳಾಗುತ್ತಾರೆ. ನಾನೂ ಹಾಗೇ ಮರುಳಾಗಿ ತಗೊಂಡವನು. ಆದರೆ ಹೊರಗೆ ಕೂರೋದಾದರೆ ಸದ್ದಿನ ಸರದಿ ಕೊನೆಗೆ. ಮೊದಲು ಕರೆಂಟು, ಆಮೇಲೆ ಬಿಸಿಲು, ಆಮೇಲೆ ನಿಮ್ಮ ತೊಡೆ. ತೊಡೆ ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಮೊದಲ ಸಲ ಹೊರಟಾಗ ಚೀಲದಲ್ಲಿ ಒಂದು ಸಿಂಥ್, ಒಂದು ದೊಡ್ಡ ಪವರ್ ಬ್ಯಾಂಕ್ ಇತ್ತು. ಮರದ ಕೆಳಗೆ ಕೂತು ಆನ್ ಮಾಡಿದೆ. ಡ್ರಮ್ಮಿನ ಧಂ ಅನ್ನೋ ಕಿಕ್ ಹಾಕಿ ಟಪ್ ಅನ್ನೋ ಸ್ನೇರ್ ಹಾಕುವಷ್ಟರಲ್ಲಿ ಯಂತ್ರ ಸತ್ತಿತು. ಮತ್ತೆ ಆನ್ ಮಾಡಿದೆ, ಅರ್ಧ ನಿಮಿಷಕ್ಕೆ ಮತ್ತೆ ಆಫ್. ಯಂತ್ರ ಕೆಟ್ಟಿದೆ ಅಂತ ಬೈದುಕೊಂಡು ಮನೆಗೆ ಬಂದೆ. ಕೆಟ್ಟಿದ್ದು ಏನೂ ಇರಲಿಲ್ಲ. ಪವರ್ ಬ್ಯಾಂಕ್‌ಗಳನ್ನು ಮಾಡಿರೋದು ಫೋನಿಗಾಗಿ. ಕರೆಂಟು ತೀರಾ ಕಡಿಮೆ ಎಳೆದರೆ ‘ಓ, ಫೋನ್ ಫುಲ್ ಆಯ್ತು’ ಅಂದುಕೊಂಡು ತಾವೇ ಆಫ್ ಆಗುತ್ತವೆ. ಪುಟ್ಟ ಸಿಂಥ್‌ಗಳು ಎಳೆಯೋದೇ ಅಷ್ಟು. ಕೆಲವು ಪವರ್ ಬ್ಯಾಂಕ್‌ಗಳಲ್ಲಿ ವಾಚು, ಇಯರ್‌ಬಡ್ ಚಾರ್ಜ್ ಮಾಡೋಕೆ ಅಂತಲೇ ಒಂದು ಮೋಡ್ ಇರುತ್ತದೆ. ಅದು ಇದ್ದರೆ ಈ ಕಾಟ ಇಲ್ಲ.

ಅದಕ್ಕೇ ನನ್ನ ಮೊದಲ ಮಾತು: ಸೆಲ್ ಹಾಕಿದರೆ ಅಥವಾ ಒಳಗಿನ ಬ್ಯಾಟರಿಯಲ್ಲೇ ಓಡುವ ಯಂತ್ರ ನೋಡಿ. ಇಲ್ಲೂ ಅಜಗಜಾಂತರ ಇದೆ. ಕೊರ್ಗ್‌ನ ವೋಲ್ಕಾ ಸರಣಿಯ ಮೊದಲ ಯಂತ್ರಗಳು 2013ರಲ್ಲಿ ಬಂದವು. 6 ಎಎ ಸೆಲ್ ಹಾಕಿದರೆ ಸುಮಾರು 10 ಗಂಟೆ ಓಡುತ್ತವೆ. ರೋಲ್ಯಾಂಡ್‌ನ ಎಸ್‌ಪಿ-404 ಎಂಕೆ2 ಸ್ಯಾಂಪ್ಲರ್‌ಗೂ 6 ಎಎ ಸೆಲ್ಲೇ ಬೇಕು, ಆದರೆ ಅದು ನುಂಗುವ ವೇಗ ಬೇರೆ. ಮೂರು ಗಂಟೆ ಆಸುಪಾಸಿನಲ್ಲಿ ಮುಗಿಸುತ್ತದೆ. ನೊವೇಶನ್ ಸರ್ಕಿಟ್ ಟ್ರ್ಯಾಕ್ಸ್ ಗ್ರೂವ್‌ಬಾಕ್ಸ್‌ನ ಒಳಬ್ಯಾಟರಿ 4 ಗಂಟೆ ಬರುತ್ತದೆ. ಟೀನೇಜ್ ಎಂಜಿನಿಯರಿಂಗ್‌ನವರ ಓಪಿ-1 ಫೀಲ್ಡ್ ಸಿಂಥ್‌ಗೆ ಕಂಪನಿ ಹೇಳುವ ಲೆಕ್ಕ 24 ಗಂಟೆ.

ಸೆಲ್ ಒಳ್ಳೇದಾ, ಒಳಬ್ಯಾಟರಿ ಒಳ್ಳೇದಾ? ನನ್ನ ಒಲವು ಸೆಲ್ ಕಡೆಗೆ. ಮುಗಿದರೆ ಬದಲಾಯಿಸಿದರಾಯಿತು. ಒಳಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ, ಬದಲಾಯಿಸಲು ಯಂತ್ರವನ್ನೇ ಬಿಚ್ಚಬೇಕು. ರೀಚಾರ್ಜ್ ಆಗುವ ಸೆಲ್ ಬಳಸುವುದಾದರೆ ಒಂದು ವಿಷಯ ಗೊತ್ತಿರಲಿ. ಮಾಮೂಲಿ ಆಲ್ಕಲೈನ್ ಸೆಲ್ 1.5 ವೋಲ್ಟ್, ಇವು 1.2. ಹಾಗಾಗಿ ಯಂತ್ರದ ಬ್ಯಾಟರಿ ಗುರುತು ಮೊದಲಿಂದಲೇ ‘ಅರ್ಧ ಖಾಲಿ’ ಅಂತ ಸುಳ್ಳು ಹೇಳಬಹುದು. ಸೆಟ್ಟಿಂಗ್‌ನಲ್ಲಿ ಸೆಲ್ ಯಾವ ಜಾತಿ ಅಂತ ಆರಿಸುವ ಜಾಗ ಇದ್ದರೆ ಅಲ್ಲಿ ಸರಿ ಮಾಡಿ.

ಬ್ಯಾಟರಿಯೇ ಇಲ್ಲದ ಯಂತ್ರಕ್ಕೆ ಮನಸ್ಸು ಹೋಗಿದೆಯಾ? ಎಲೆಕ್ಟ್ರಾನ್ ಡಿಜಿಟಾಕ್ಟ್‌ನಂಥವು 12 ವೋಲ್ಟ್ ಕೇಳುತ್ತವೆ. ಪವರ್ ಬ್ಯಾಂಕ್‌ನಿಂದ ಅಷ್ಟು ವೋಲ್ಟ್ ತೆಗೆಯುವ ಕೇಬಲ್‌ಗಳು ಸಿಗುತ್ತವೆ, ಆದರೆ ಪಿನ್ ಬಗ್ಗೆ ಹುಷಾರು. ವೋಲ್ಕಾಗೆ 9 ವೋಲ್ಟ್, ನಡುಪಿನ್ ಪಾಸಿಟಿವ್. ಬಾಸ್ ಕಂಪನಿಯ ಗಿಟಾರ್ ಪೆಡಲ್‌ಗಳಿಗೂ 9 ವೋಲ್ಟೇ, ಆದರೆ ನಡುವೆ ನೆಗೆಟಿವ್. ಅದಲು ಬದಲಾದರೆ ಯಂತ್ರ ಸುಟ್ಟರೂ ಸುಟ್ಟೀತು. ಇನ್ನೊಂದು: ಎರಡು ಯಂತ್ರಗಳನ್ನು ಒಂದೇ ಪವರ್ ಬ್ಯಾಂಕ್‌ಗೆ ಸಿಕ್ಕಿಸಿ, ಅವುಗಳ ಆಡಿಯೋವನ್ನೂ ಒಂದಕ್ಕೊಂದು ಸೇರಿಸಿದರೆ ಹೆಡ್‌ಫೋನ್‌ನಲ್ಲಿ ಸಣ್ಣಗೆ ಕೀಂಯ್ ಅನ್ನೋ ಸದ್ದು ಶುರುವಾಗಬಹುದು. ಒಂದನ್ನು ಸೆಲ್ ಮೇಲೆ ಓಡಿಸಿ, ಹೋಗುತ್ತದೆ.

ಇನ್ನು ಬಿಸಿಲು. ಬೆರಳಲ್ಲಿ ಒತ್ತಿ ನುಡಿಸುವ, ಮಿರಿಮಿರಿ ಮಿನುಗುವ ಬಣ್ಣದ ಪ್ಯಾಡ್‌ಗಳು ವಿಡಿಯೋದಲ್ಲಿ ಚೆನ್ನ. ಮಧ್ಯಾಹ್ನ ಹನ್ನೆರಡಕ್ಕೆ ಯಾವುದು ಹಸಿರು, ಯಾವುದು ನೀಲಿ, ಯಾವುದು ಆಫ್ ಆಗಿದೆ ಅಂತಲೇ ಗೊತ್ತಾಗುವುದಿಲ್ಲ. ಬಣ್ಣ ನೋಡಿಯೇ ನುಡಿಸಬೇಕಾದ ಯಂತ್ರಕ್ಕೆ ಹೊರಗೆ ನೆರಳು ಹುಡುಕಿಕೊಂಡು ತಿರುಗಬೇಕು. ಟ್ಯಾಬ್ಲೆಟ್ ಆದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ, ಮೇಲಿಂದ ಕಾದು ಬಿಸಿಯೂ ಆಗುತ್ತದೆ. ಇದಕ್ಕೆ ಉಲ್ಟಾ ಹಳೇ ಕ್ಯಾಲ್ಕ್ಯುಲೇಟರ್ ಥರದ ಎಲ್‌ಸಿಡಿ. ಟೀನೇಜ್ ಎಂಜಿನಿಯರಿಂಗ್‌ನವರ ಪಾಕೆಟ್ ಆಪರೇಟರ್ ಅನ್ನೋ ಪುಟ್ಟ ಯಂತ್ರಗಳಲ್ಲಿ ಇರೋದು ಅದೇ. ಬಿಸಿಲು ಹೆಚ್ಚಾದಷ್ಟೂ ನಿಚ್ಚಳ. ಕತ್ತಲಾದ ಮೇಲೆ ಮಾತ್ರ ಏನೂ ಕಾಣದು.

ತೊಡೆ ವಿಷಯಕ್ಕೆ ಬರೋಣ. ಹೊರಗೆ ಮೇಜು ಇರಲ್ಲ, ಅಲ್ವಾ? ಎರಡು ಯಂತ್ರ, ನಡುವೆ ಎರಡರ ತಾಳ ಕೂಡಿಸುವ ಸಿಂಕ್ ವೈರು, ಒಂದು ಪುಟ್ಟ ಮಿಕ್ಸರು ಅಂತ ಯೋಜನೆ ಹಾಕುವಾಗ ಚೆಂದ. ಎದ್ದು ನಿಲ್ಲಬೇಕಾದಾಗ ಗೊತ್ತಾಗುತ್ತದೆ ಫಜೀತಿ. ನಾನಂತೂ ವೈರು ಎಣಿಸುತ್ತೇನೆ. ಹೆಡ್‌ಫೋನಿನದು ಒಂದು ಸರಿ. ಎರಡನೆಯದು ಬೇಕೇ ಬೇಕು ಅನ್ನಿಸಿದರೆ ಆ ಯಂತ್ರ ಮನೆಗೇ ಸರಿ ಅಂತ ಬಿಡುತ್ತೇನೆ. ಡ್ರಮ್ಮು, ಬೇಸು, ಮೇಲಿನ ರಾಗ ಮೂರೂ ಒಂದರಲ್ಲೇ ಆಗಬೇಕು. ವೋಲ್ಕಾ ಎಷ್ಟು ಮುದ್ದಾಗಿದ್ದರೂ ಇಲ್ಲಿ ಸೋಲುತ್ತದೆ. ವೋಲ್ಕಾ ಬೀಟ್ಸ್ ಡ್ರಮ್ಮಿಗೆ, ವೋಲ್ಕಾ ಬೇಸ್ ಬೇಸಿಗೆ. ಒಂದು ತಗೊಂಡವರು ಮೂರಕ್ಕೆ ಬಂದು ನಿಲ್ಲುತ್ತಾರೆ. ಹಾಗಂತ ಎಲ್ಲವೂ ಒಂದರಲ್ಲೇ ಅನ್ನೋದು ಇವತ್ತಿನ ಆಸೆಯೂ ಅಲ್ಲ. ಯಮಾಹಾದವರು 1990ರಲ್ಲೇ ವಿಡಿಯೋ ಕ್ಯಾಸೆಟ್ ಗಾತ್ರದ ಕ್ಯೂವೈ10ನಲ್ಲಿ ಅದನ್ನು ಮಾಡಿದ್ದರು.

ಹೆಡ್‌ಫೋನ್ ವೈರಿಂದೇ ಇರಲಿ. ಬ್ಲೂಟೂತ್‌ನಲ್ಲಿ ಸದ್ದು ಸಾಮಾನ್ಯವಾಗಿ 0.1ರಿಂದ 0.2 ಸೆಕೆಂಡ್ ತಡವಾಗಿ ಕಿವಿಗೆ ಬರುತ್ತದೆ. ಇಷ್ಟೇನಾ ಅನ್ನಬೇಡಿ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಸೀಕ್ವೆನ್ಸರ್‌ನ (ಸದ್ದುಗಳನ್ನು ಸಾಲಾಗಿ ನುಡಿಸುವ ಭಾಗ) ಒಂದು ಸ್ಟೆಪ್ಪೇ, ಅಂದರೆ ಬೀಟಿನ ಕಾಲು ಭಾಗವೇ, 0.125 ಸೆಕೆಂಡ್. ಅಂದರೆ ನೀವು ಒತ್ತಿದ್ದು ಒಂದು ಮನೆ ಆಚೆ ಕೇಳಿಸುತ್ತದೆ. ಹಾಡು ಕೇಳೋಕೆ ಪರವಾಗಿಲ್ಲ, ನುಡಿಸೋಕೆ ಆಗಲ್ಲ.

ಯಂತ್ರದ್ದೇ ಸ್ಪೀಕರ್ ಇದ್ದರೆ ಅನುಕೂಲ, ಆದರೆ ಅದನ್ನು ನಂಬಬೇಡಿ. ಇಷ್ಟಗಲದ ಸ್ಪೀಕರ್‌ನಿಂದ ಬೇಸ್ ಹೊರಡುವುದೇ ಇಲ್ಲ. ಮೇಲಾಗಿ ಬಯಲಲ್ಲಿ ಸದ್ದನ್ನು ತಿರುಗಿ ಕಳಿಸುವ ಗೋಡೆಗಳಿಲ್ಲ. ಕಿಕ್ ಸಾಲದು ಅಂತ ಏರಿಸುತ್ತಾ ಹೋಗುತ್ತೀರಿ, ಮನೆಗೆ ಬಂದು ಕೇಳಿದರೆ ಗೋಡೆ ಅದುರುತ್ತದೆ. ಗಾಳಿ, ವಾಹನಗಳ ಗುಂಯ್‌ಗುಡುವಿಕೆಯೂ ಬೇಸನ್ನೇ ಮುಚ್ಚುತ್ತದೆ. ಹೊರಗೆ ಬರೀ ಐಡಿಯಾ ಹಿಡಿಯಿರಿ, ಲೆವೆಲ್ ತಿದ್ದೋದು ಮನೇಲಿ.

ಮೈಕ್ ಮಾತ್ರ ಯಂತ್ರದೊಳಗೇ ಇರಲಿ ಅಂತ ನಾನು ಒತ್ತಿ ಹೇಳುತ್ತೇನೆ. ಹೊರಗೆ ಹೋಗೋದರ ನಿಜವಾದ ಮಜಾ ಅದರಲ್ಲೇ. ಕಬ್ಬಿಣದ ಗೇಟು ಕಿರ್ ಅಂದಿದ್ದು, ಬೀಗದ ಕೈ ಗೊಂಚಲು ಬೆಂಚಿನ ಮೇಲೆ ಬಿದ್ದಿದ್ದು. ಅದನ್ನೇ ಹಿಡಿದು, ಎರಡು ತುದಿ ಕತ್ತರಿಸಿ, ಡ್ರಮ್ಮಿನ ಚಿಕ್ ಚಿಕ್ ಅನ್ನೋ ಹೈ-ಹ್ಯಾಟ್ ಜಾಗಕ್ಕೆ ಕೂರಿಸಿದರೆ ಆ ಬೀಟ್ ಬೇರೆ ಯಾರ ಹತ್ತಿರವೂ ಇರಲ್ಲ. ರೆಕಾರ್ಡ್ ಮಾಡುವಾಗ ಗಾಳಿಗೆ ಬೆನ್ನು ಕೊಟ್ಟು ಕೂರಿ. ಇಲ್ಲದಿದ್ದರೆ ಮೈಕ್‌ಗೆ ಬುಸ್ ಬುಸ್ ಅನ್ನೋದು ಬಿಟ್ಟು ಇನ್ನೇನೂ ಸಿಗಲ್ಲ.

ಹೆಸರು ಹೇಳಿ ಅಂದರೆ, ಈ ಹವ್ಯಾಸ ಅಂಟಿಕೊಳ್ಳುತ್ತಾ ಅಂತಲೇ ಗೊತ್ತಿಲ್ಲದವರಿಗೆ ಪಾಕೆಟ್ ಆಪರೇಟರ್ ಪಿಒ-33. ಎರಡು ಎಎಎ ಸೆಲ್ ಸಾಕು. ಮೈಕು, ಪುಟ್ಟ ಸ್ಪೀಕರು ಎರಡೂ ಇವೆ. ಒಟ್ಟು 40 ಸೆಕೆಂಡ್ ಸದ್ದು ಮಾತ್ರ ಹಿಡಿಸುತ್ತದೆ, ಆ ಇಕ್ಕಟ್ಟು ಒಂಥರಾ ಒಳ್ಳೇದೇ. ಮುಂದುವರಿಯುವುದು ಖಾತ್ರಿ ಅನ್ನುವವರಿಗೆ ಅದೇ ಕಂಪನಿಯವರು 2023ರಲ್ಲಿ ತಂದ ಇಪಿ-133. 4 ಎಎಎ ಸೆಲ್, ಒತ್ತೋಕೆ ಹದವಾದ ಪ್ಯಾಡ್‌ಗಳು, ಮೈಕು, ಸ್ಪೀಕರು. ಸ್ಯಾಂಪಲ್ ಬೇಡ, ನಾಬ್ ತಿರುಗಿಸಿ ಸದ್ದು ಹುಟ್ಟಿಸಬೇಕು ಅನ್ನುವವರಿಗೆ ರೋಲ್ಯಾಂಡ್ ಎಸ್-1. ಸ್ಪೀಕರ್ ಇಲ್ಲ, ಬ್ಯಾಟರಿ ನಾಲ್ಕೂವರೆ ಗಂಟೆ. ಡ್ರಮ್ಮಿಗೆ ಅದರಲ್ಲಿ ಜಾಗ ಇಲ್ಲ ಅನ್ನೋದು ಗೊತ್ತಿರಲಿ.

ಯಾವುದೇ ಆದರೂ ತಗೊಳ್ಳೋ ಮುಂಚೆ ಕುರ್ಚಿ ಮೇಲೆ ಕೂತು, ತೊಡೆ ಮೇಲಿಟ್ಟು, ಒಂದು ಹತ್ತು ನಿಮಿಷ ನುಡಿಸಿ ನೋಡಿ. ಜಾರುತ್ತಾ, ಪ್ಯಾಡ್ ಒತ್ತಿದಾಗ ಓಲಾಡುತ್ತಾ, ಹೆಡ್‌ಫೋನ್ ಪಿನ್ ಹೊಟ್ಟೆಗೆ ಚುಚ್ಚುತ್ತಾ. ಸೇವ್ ಮಾಡೋಕೆ ಎಷ್ಟು ಬಟನ್ ಒತ್ತಬೇಕು ಅನ್ನೋದನ್ನೂ ಅಲ್ಲೇ ಕೇಳಿಬಿಡಿ, ಬ್ಯಾಟರಿಯಂತೂ ಒಳ್ಳೇ ಲೂಪ್ ಸಿಕ್ಕಾಗಲೇ ಹೋಗೋದು.