ತಳದ ಒರಟನ್ನು ಅಳೆಯಹೊರಟವರು

1850ರ ದಶಕದಲ್ಲಿ ಫ್ರಾನ್ಸಿನ ಡಿಜಾನ್ ಬಳಿ, ಬರ್ಗಂಡಿ ಕಾಲುವೆಯ ನೀರನ್ನೇ ತಿರುಗಿಸಿಕೊಂಡು ಹೊಸದೊಂದು ಕಾಲುವೆ ಸಿದ್ಧವಾಯಿತು. ಉದ್ದ ಸುಮಾರು 600 ಮೀಟರ್, ಅಗಲ 2 ಮೀಟರ್. ಅದು ಯಾವ ಹೊಲಕ್ಕೂ ನೀರುಣಿಸಲಿಲ್ಲ. ತಳ ಒರಟಾದಷ್ಟೂ ನೀರು ಎಷ್ಟು ನಿಧಾನವಾಗುತ್ತದೆ ಎಂದು ತಿಳಿಯಲು ಫ್ರೆಂಚ್ ಎಂಜಿನಿಯರ್ ಹೆನ್ರಿ ಡಾರ್ಸಿ ಅದನ್ನು ಕಟ್ಟಿಸಿದ್ದರು.

ಅದಕ್ಕೂ ಮೊದಲು ಲೆಕ್ಕವಿರಲಿಲ್ಲವೆಂದಲ್ಲ. ಪ್ಯಾರಿಸ್ಸಿಗೆ ಇವೆಟ್ ನದಿಯ ನೀರು ತರುವ ಯೋಜನೆಗಾಗಿ ದುಡಿದ ಅಂತ್ವಾನ್ ಶೆಜಿ, ಇಳಿಜಾರು ಮತ್ತು ಆಳಗಳ ವರ್ಗಮೂಲದಂತೆ ವೇಗ ಏರುತ್ತದೆ ಎಂದು 1775ರ ಹೊತ್ತಿಗೇ ಕಂಡುಕೊಂಡಿದ್ದರು. ಆದರೆ ತಳ ಮಣ್ಣೋ, ಹಲಗೆಯೋ, ಜಲ್ಲಿಯೋ ಎಂಬುದು ಆ ಸೂತ್ರದ ಗುಣಾಂಕವೊಂದರಲ್ಲಿ ಅಡಗಿ ಕುಳಿತಿತ್ತು.

ಡಾರ್ಸಿ 1858ರ ಜನವರಿಯಲ್ಲಿ ತೀರಿಕೊಂಡರು. ಕೆಲಸವನ್ನು ಮುಂದುವರಿಸಿದವರು ಅವರ ಸಹಾಯಕ ಹೆನ್ರಿ ಬಾಜಿನ್. ಸಿಮೆಂಟು, ಇಟ್ಟಿಗೆ, ಜಲ್ಲಿ, ಹಲಗೆ ಹೀಗೆ ತಳಕ್ಕೆ ಒಂದೊಂದನ್ನೇ ಹಾಸಿ ಅಳೆದು, 1865ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದರಲ್ಲಿ ನನಗೆ ಅಚ್ಚುಮೆಚ್ಚಿನದು ಮರದ ಪಟ್ಟಿಗಳ ಪ್ರಯೋಗ. ತೆಳುವಾದ ಪಟ್ಟಿಗಳನ್ನು ನೀರಿಗೆ ಅಡ್ಡಲಾಗಿ, ಮೊದಲು 1 ಸೆಂಟಿಮೀಟರ್, ಆಮೇಲೆ 5 ಸೆಂಟಿಮೀಟರ್ ಅಂತರದಲ್ಲಿ ಮೊಳೆ ಹೊಡೆದು ಕೂರಿಸಿದರು. ಪಟ್ಟಿಗಳು ಹೆಚ್ಚಿದಷ್ಟೂ ತಡೆ ಹೆಚ್ಚಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದದ್ದು ತದ್ವಿರುದ್ಧ: ವಿರಳವಾಗಿ ಹೊಡೆದ ಪಟ್ಟಿಗಳೇ ನೀರನ್ನು ಹೆಚ್ಚು ತಡೆದವು. ಒತ್ತೊತ್ತಾದ ಪಟ್ಟಿಗಳ ಸಂದಿನಲ್ಲಿ ಸುಳಿಯೊಂದು ಸಿಕ್ಕಿಬಿದ್ದು ಅಲ್ಲೇ ತಿರುಗುತ್ತದೆ. ಮೇಲಿನ ನೀರು ಅದರ ಮೇಲೆ ಜಾರಿಹೋಗುತ್ತದೆ. ಸಂದು ಅಗಲವಾದರೆ ಹರಿವು ಕೆಳಗಿಳಿದು ಮುಂದಿನ ಪಟ್ಟಿಗೆ ಬಡಿಯುತ್ತದೆ, ಪ್ರತಿ ಬಡಿತದಲ್ಲೂ ಶಕ್ತಿ ಸುಳಿಯಾಗಿ ಕರಗುತ್ತದೆ. ಒರಟುತನವೆಂದರೆ ಉಬ್ಬುಗಳ ಎತ್ತರವಷ್ಟೇ ಅಲ್ಲ, ಅವು ಕೂತಿರುವ ಬಗೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಡ.

ಸ್ವಿಟ್ಜರ್ಲೆಂಡಿನ ಗಾಂಗಿಯೆ ಮತ್ತು ಕುಟರ್ 1869ರಲ್ಲಿ ಈ ಒರಟುತನವನ್ನೆಲ್ಲ 'ಎನ್' ಎಂಬ ಒಂದೇ ಅಂಕಿಗೆ ಇಳಿಸಿದರು. 1889ರಲ್ಲಿ ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಸುಲಭ ಸೂತ್ರವೊಂದನ್ನು ಮಂಡಿಸಿದರು. ಮುಂದೆ ಆ 'ಎನ್' ಅದಕ್ಕೇ ಅಂಟಿಕೊಂಡಿತು: ತಳ ಒರಟಾದಷ್ಟೂ 'ಎನ್' ದೊಡ್ಡದು, ಅದು ಎರಡರಷ್ಟಾದರೆ ವೇಗ ಅರ್ಧ. ಸೂತ್ರದ ಎರಡು ಬದಿಗಳ ಅಳತೆಮಾನ ಹೊಂದುವುದಿಲ್ಲ, ಅದರಲ್ಲಿ ಬರುವ ಘನಮೂಲ ತೆಗೆಯುವುದು ಕಷ್ಟ ಎಂದು ಮ್ಯಾನಿಂಗ್ ಅವರೇ ಅದನ್ನು ಒಪ್ಪದೆ ಬೇರೊಂದನ್ನು ಮುಂದಿಟ್ಟಿದ್ದರು. ಜಗತ್ತು ಮಾತ್ರ ಅವರು ಬಿಟ್ಟುಕೊಟ್ಟದ್ದನ್ನೇ ಎತ್ತಿಕೊಂಡಿತು. ನಮ್ಮ ನಾಲೆಗಳ ವಿನ್ಯಾಸದಲ್ಲೂ ಇಂದಿಗೂ ಅದೇ ಸೂತ್ರವಿದೆ.

ಜರ್ಮನಿಯ ಗಟಿಂಗೆನ್‌ನಲ್ಲಿ ಎಂಜಿನಿಯರ್ ನಿಕುರಾಡ್ಸೆ ಕೊಳವೆಗಳ ಒಳಮೈಗೆ ಮರಳಿನ ಕಣಗಳನ್ನು ಅಂಟಿಸಿ ಅಳೆದು, 1933ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾಗಿ ಲೆಕ್ಕಕ್ಕೆ ಬರುವುದು ಕಣದ ಗಾತ್ರವನ್ನು ಹರಿವಿನ ಗಾತ್ರಕ್ಕೆ ಹೋಲಿಸಿದಾಗ ಸಿಗುವ ಪ್ರಮಾಣ ಎಂಬುದು ಅಲ್ಲಿ ಖಚಿತವಾಯಿತು.

ತೆಳು ನೀರಿನಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. ಮಲೆನಾಡಿನ ಹಳ್ಳ ಮಳೆಗಾಲದಲ್ಲಿ ಆಳೆತ್ತರ ತುಂಬಿದಾಗ ತಳದ ಕಲ್ಲುಗಳು ಹರಿವಿನ ಬುಡವನ್ನು ಮಾತ್ರ ಕೆಣಕುತ್ತವೆ. ಬೇಸಿಗೆಯಲ್ಲಿ ಅದೇ ಕಲ್ಲುಗಳು ತಲೆ ಹೊರಗಿಟ್ಟು, ನೀರನ್ನು ಸೀಳಿ, ಬೆನ್ನ ಹಿಂದೆ ಸುಳಿ ಎಬ್ಬಿಸುತ್ತವೆ. ಕಲ್ಲು ಬದಲಾಗಿಲ್ಲ, 'ಎನ್' ಬದಲಾಗಿದೆ. ಹಾಗಿದ್ದೂ ವಿನ್ಯಾಸಕ್ಕೆ ಬಳಸುವ ಕೋಷ್ಟಕಗಳು ಅದನ್ನು ತಳಕ್ಕೇ ಅಂಟಿದ ಗುಣವೆಂಬಂತೆ ಒಂದೇ ಅಂಕಿಯಾಗಿ ಕೊಡುವುದು ನನಗೆ ತಪ್ಪಾಗಿ ಕಾಣುತ್ತದೆ. ಕಳೆ ಬೆಳೆದು 'ಎನ್' 0.018ರಿಂದ 0.036ಕ್ಕೆ ಏರಿದರೆ, ಅದೇ ಇಳಿಜಾರು ಮತ್ತು ಅದೇ ಆಳದಲ್ಲಿ ನಾಲೆ ಸಾಗಿಸುವ ನೀರು ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ಆ ಅರ್ಧದ ಕೊರತೆ ಮೊದಲು ಮುಟ್ಟುವುದು ನಾಲೆಯ ಕೊನೆಯ ಗದ್ದೆಗೆ.